ಸಣ್ಣ ಹೀಲಿಯಂ ಕಂಪನಿ ಶೇರು ಕೊಳ್ಳೋ ಮುಂಚೆ ಯಾವ ಲೆಕ್ಕ ಮೊದಲು, ಯಾವುದು ಆಮೇಲೆ: ಸಮಗ್ರ ಮಾರ್ಗದರ್ಶಿ

ಹೀಲಿಯಂ ಹುಡುಕೋ ಸಣ್ಣ ಕಂಪನಿಗಳಲ್ಲಿ ದುಡ್ಡು ಕಳ್ಕೊಂಡವರು ಕೇಳೋ ಪ್ರಶ್ನೆ ಹೆಚ್ಚೂಕಡಿಮೆ ಒಂದೇ: "ಬಾವೀಲಿ ಹೀಲಿಯಂ ಸಿಕ್ತು ಅಂತ ಕಂಪನಿನೇ ಹೇಳ್ತಲ್ಲ, ಮತ್ಯಾಕೆ ಶೇರು ಬಿತ್ತು?" ಇದಕ್ಕೆ ಕಾರಣ ಅದೃಷ್ಟ ಅಲ್ಲ, ನಾವು ಕೆಲಸ ಮಾಡಿದ ಕ್ರಮ. ಮೊದಲು ಗ್ಯಾಸಲ್ಲಿ ಹೀಲಿಯಂ ಎಷ್ಟು ಪರ್ಸೆಂಟೇಜ್ ಅಂತ ನೋಡ್ತೀವಿ, ಆಮೇಲೆ ಶೇರು ಕೊಳ್ತೀವಿ, ಶೇರು ಒಟ್ಟು ಎಷ್ಟಿದಾವೆ ಅಂತ ಬಿದ್ದ ಮೇಲೆ ನೋಡ್ತೀವಿ, ಟ್ಯಾಕ್ಸ್ ಬಗ್ಗೆ ಜುಲೈ ತಿಂಗಳಲ್ಲಿ ಯೋಚನೆ ಮಾಡ್ತೀವಿ. ಈ ಕ್ರಮ ಪೂರ್ತಿ ತಿರುಗಬೇಕು.

ಕೆಳಗೆ ಕಂಪನಿ ಹೆಸರುಗಳು ಬರ್ತವೆ, ಎಲ್ಲ ಉದಾಹರಣೆಗೆ ಮಾತ್ರ. ಯಾವುದನ್ನೂ ಕೊಳ್ಳಿ ಅಥವಾ ಮಾರಿ ಅಂತ ಹೇಳ್ತಿಲ್ಲ.

## ಮೊದಲು ಬೇಕಾಗೋ ಸಾಮಾನು

ಇಂಥ ಕಂಪನಿಗಳು ಹೆಚ್ಚಾಗಿ ಕೆನಡಾದ ಟಿಎಸ್‌ಎಕ್ಸ್ ವೆಂಚರ್, ಲಂಡನ್ನಿನ ಏಮ್, ಆಸ್ಟ್ರೇಲಿಯಾದ ಎಎಸ್‌ಎಕ್ಸ್ ಈ ಮೂರು ಕಡೆ ಲಿಸ್ಟ್ ಆಗಿರ್ತವೆ. ಕಂಪನಿ ವೆಬ್‌ಸೈಟಲ್ಲಿ ಇರೋ ಪ್ರೆಸೆಂಟೇಷನ್ ಬಿಟ್ಟುಬಿಡಿ, ಅದು ಮಾರಾಟದ ಸರಕು. ಕಂಪನಿಗಳು ಅಧಿಕೃತವಾಗಿ ಹಾಕ್ಲೇಬೇಕಾದ ರಿಪೋರ್ಟು, ಸುದ್ದಿ ನೋಡಿ: ಕೆನಡಾ ಕಂಪನಿ ಆದ್ರೆ ಸೆಡಾರ್ ಪ್ಲಸ್, ಲಂಡನ್ ಆದ್ರೆ ಆರ್‌ಎನ್‌ಎಸ್, ಆಸ್ಟ್ರೇಲಿಯಾ ಆದ್ರೆ ಎಎಸ್‌ಎಕ್ಸ್ ಅನೌನ್ಸ್‌ಮೆಂಟ್ ಪುಟ, ಇವೆಲ್ಲ ಪುಕ್ಕಟೆ ಸಿಗುತ್ತೆ. ಜೊತೆಗೆ ಒಂದು ಎಕ್ಸೆಲ್ ಶೀಟ್ ಸಾಕು. ದುಡ್ಡು ಕೊಟ್ಟು ಟಿಪ್ಸ್ ತಗೊಳ್ಳೋ ಅಗತ್ಯ ಒಂದು ಚೂರೂ ಇಲ್ಲ.

## ಹಂತ 1: ದುಡ್ಡು ಹೊರಗೆ ಹೋಗೋ ದಾರಿ ಸರಿ ಮಾಡ್ಕೊಳ್ಳಿ

ಭಾರತದಲ್ಲಿ ಇರೋರು ಆರ್‌ಬಿಐನ ಎಲ್‌ಆರ್‌ಎಸ್ ಸ್ಕೀಮಲ್ಲೇ (ವಿದೇಶಕ್ಕೆ ದುಡ್ಡು ಕಳಿಸೋಕೆ ಇರೋ ಅವಕಾಶ) ದುಡ್ಡು ಕಳಿಸ್ಬೇಕು, ಒಂದು ಹಣಕಾಸು ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್ ಮಿತಿ. ವರ್ಷದಲ್ಲಿ ₹10 ಲಕ್ಷ ದಾಟಿದ ಮೇಲೆ ಬ್ಯಾಂಕ್ 20% ಟಿಸಿಎಸ್ (ಮೊದಲೇ ಹಿಡಿಯೋ ತೆರಿಗೆ) ಹಿಡೀತದೆ, ಅದು ರಿಟರ್ನ್ ಹಾಕಿದಾಗ ಹೊಂದಾಣಿಕೆ ಆಗುತ್ತೆ, ಆದ್ರೆ ಅಲ್ಲಿವರೆಗೂ ನಿಮ್ಮ ದುಡ್ಡು ಅಲ್ಲಿ ಕೂತಿರುತ್ತೆ. ಸಾಲ ಮಾಡಿ ಮಾರ್ಜಿನ್ ಟ್ರೇಡಿಂಗ್ ಮಾಡೋಕೆ ಎಲ್‌ಆರ್‌ಎಸ್ ದುಡ್ಡು ಬಳಸೋ ಹಾಗಿಲ್ಲ.

ಇಲ್ಲಿ ಎಲ್ಲರೂ ಎಡವೋದು ಬ್ರೋಕರ್ ವಿಷಯದಲ್ಲಿ. ಅಮೆರಿಕ ಶೇರು ಕೊಡೋ ನಮ್ಮ ಆಪ್‌ಗಳಲ್ಲಿ ಸಾಮಾನ್ಯವಾಗಿ ನ್ಯೂಯಾರ್ಕ್, ನ್ಯಾಸ್‌ಡ್ಯಾಕ್ ಮಾತ್ರ ಇರುತ್ತೆ, ಟೊರಾಂಟೊ ವೆಂಚರೋ ಏಮೋ ಇರಲ್ಲ. ಅಕೌಂಟ್ ಓಪನ್ ಮಾಡಿ, ದುಡ್ಡು ಕಳಿಸಿ, ಆಮೇಲೆ ಆ ಶೇರೇ ಸಿಗ್ತಿಲ್ಲ ಅಂತ ಒದ್ದಾಡೋರು ತುಂಬ ಜನ. ಆ ಎಕ್ಸ್‌ಚೇಂಜ್ ಸಿಗುತ್ತಾ, ಕನಿಷ್ಠ ಚಾರ್ಜ್ ಎಷ್ಟು, ಕರೆನ್ಸಿ ಬದಲಾವಣೆಗೆ ಎಷ್ಟು ಕತ್ತರಿಸ್ತಾರೆ, ಇದನ್ನ ಕಸ್ಟಮರ್ ಕೇರಿಗೆ ಬರವಣಿಗೆಯಲ್ಲೇ ಕೇಳಿ. ಕೆನಡಾ, ಆಸ್ಟ್ರೇಲಿಯಾದಲ್ಲಿ ನೆಲೆಸಿರೋ ನಮ್ಮವರಿಗೆ ಈ ಹಂತ ಬೇಡ, ಅವರು ಸೀದಾ ಎರಡಕ್ಕೆ ಹೋಗಿ.

## ಹಂತ 2: ಶೇರು ಎಣಿಸಿ, ಕ್ಯಾಶ್ ಎಣಿಸಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯ ಹಂತ ಇದು, ಕಲ್ಲು ಗ್ಯಾಸು ಎಲ್ಲ ಇದಾದ ಮೇಲೆ. ಯಾಕಂದ್ರೆ ಈ ಕಂಪನಿಗಳಲ್ಲಿ ಹೆಚ್ಚಿನವಕ್ಕೆ ಆದಾಯ ಅನ್ನೋದೇ ಇಲ್ಲ, ಡ್ರಿಲ್ಲಿಂಗಿಗೆ, ಸಂಬಳಕ್ಕೆ, ಆಡಿಟಿಗೆ ಎಲ್ಲದಕ್ಕೂ ಹೊಸ ಶೇರು ಮಾರಿನೇ ದುಡ್ಡು ತರ್ಬೇಕು. ಹೊಸ ಶೇರು ಬಂದಷ್ಟೂ ನಿಮ್ಮ ಪಾಲು ತೆಳ್ಳಗಾಗುತ್ತೆ.

ಒಂದು ಕಲ್ಪಿತ ಲೆಕ್ಕ ಪೂರ್ತಿ ಮಾಡಿ ತೋರಿಸ್ತೀನಿ. ಕಂಪನಿಗೆ 40 ಕೋಟಿ ಶೇರು, 6 ಕೋಟಿ ವಾರಂಟ್, 2 ಕೋಟಿ ಆಪ್ಷನ್ (ಎರಡೂ ಮುಂದೆ ನಿಗದಿ ಬೆಲೆಗೆ ಹೊಸ ಶೇರು ತಗೊಳ್ಳೋ ಹಕ್ಕು) ಇದೆ ಅನ್ಕೊಳ್ಳಿ. ನೀವು ಲೆಕ್ಕಕ್ಕೆ ತಗೋಬೇಕಾದ್ದು 48 ಕೋಟಿ, 40 ಅಲ್ಲ. ಬ್ಯಾಂಕಲ್ಲಿ 30 ಲಕ್ಷ ಡಾಲರ್ ಇದೆ, ತಿಂಗಳಿಗೆ 4 ಲಕ್ಷ ಖರ್ಚು, ಅಂದ್ರೆ ಏಳೂವರೆ ತಿಂಗಳು ನಡೆಯುತ್ತೆ. ಆದ್ರೆ ಮುಂದಿನ ತಿಂಗಳು 20 ಲಕ್ಷದ ಬಾವಿ ಕೊರೀತೀವಿ ಅಂತ ಅವರೇ ಹೇಳಿದ್ದಾರೆ, ಅದು ಕಳೆದ್ರೆ ಉಳಿಯೋದು 10 ಲಕ್ಷ, ಎರಡೂವರೆ ತಿಂಗಳಿಗೆ ಮುಗೀತು. ಸೋ ಬಾವಿ ರಿಸಲ್ಟ್ ಚೆನ್ನಾಗಿ ಬಂದ್ರೂ ಕೆಟ್ಟದಾಗಿ ಬಂದ್ರೂ ಹೊಸ ಶೇರು ಬರೋದು ಗ್ಯಾರಂಟಿ. 20 ಕೋಟಿ ಹೊಸ ಯೂನಿಟ್, ಪ್ರತಿ ಯೂನಿಟ್‌ಗೆ ಒಂದು ಶೇರು, ಒಂದು ವಾರಂಟ್ ಅಂತ ಕೊಟ್ರೆ ಒಟ್ಟು 88 ಕೋಟಿ ಆಯ್ತು. ನಿಮ್ಮ ಹತ್ರ 48 ಲಕ್ಷ ಶೇರಿದ್ರೆ ನಿಮ್ಮ 1% ಪಾಲು ಈಗ 0.55% ಹತ್ರ ಬಂತು, ನೀವು ಒಂದು ಶೇರೂ ಮಾರಿಲ್ಲ.

ಇದು ಕಾಗದದ ಮೇಲಿನ ಭಯ ಅಲ್ಲ. ಟಾಂಜಾನಿಯಾದ ರುಕ್ವಾ ಕಣಿವೆಯಲ್ಲಿ ಹುಡುಕ್ತಿರೋ ಹೀಲಿಯಂ ಒನ್ 2020ರ ಡಿಸೆಂಬರಲ್ಲಿ ಏಮಿಗೆ ಬಂದಾಗ 2.84 ಪೆನ್ಸಿಗೆ ಶೇರು ಕೊಟ್ಟಿತ್ತು, ಆಗ ಶೇರು ಸಂಖ್ಯೆ ತುಂಬ ಕಡಿಮೆ ಇತ್ತು, 2024ರ ಹೊತ್ತಿಗೆ 500 ಕೋಟಿ ದಾಟಿತ್ತು. ಆ ವರ್ಷ ಬಾವೀಲಿ ನಿಜವಾಗ್ಲೂ ಹೀಲಿಯಂ ಸಿಕ್ಕಿದ್ರೂ ಹಳೇ ಶೇರುದಾರರಿಗೆ ಬೆಲೆ ಯಾಕೆ ವಾಪಸ್ ಬರ್ಲಿಲ್ಲ ಅನ್ನೋಕೆ ದೊಡ್ಡ ಕಾರಣ ಈ ಎಣಿಕೆಯಲ್ಲೇ ಇದೆ.

ಎಲ್ಲಿ ನೋಡೋದು? ಆಸ್ಟ್ರೇಲಿಯಾ ಕಂಪನಿಗಳದ್ದು ಸುಲಭ. ಪ್ರತಿ ಮೂರು ತಿಂಗಳಿಗೆ ಅಪೆಂಡಿಕ್ಸ್ 5ಬಿ ಅಂತ ಒಂದು ಫಾರ್ಮ್ ಹಾಕ್ಲೇಬೇಕು, ಅದರ 8ನೇ ಭಾಗಕ್ಕೆ ಸೀದಾ ಹೋಗಿ, ಇರೋ ದುಡ್ಡು ಎಷ್ಟು ಕ್ವಾರ್ಟರಿಗೆ ಸಾಕಾಗುತ್ತೆ ಅಂತ ಅಲ್ಲೇ ಬರೆದಿರುತ್ತೆ, ಎರಡಕ್ಕಿಂತ ಕಡಿಮೆ ಆದ್ರೆ ಮುಂದೇನು ಮಾಡ್ತೀರಿ ಅನ್ನೋ ಪ್ರಶ್ನೆಗೂ ಉತ್ತರ ಕೊಟ್ಟಿರ್ಬೇಕು. ಕೆನಡಾದಲ್ಲಿ ಕ್ವಾರ್ಟರ್ಲಿ ಫೈನಾನ್ಷಿಯಲ್ಸ್ ಮತ್ತು ಮ್ಯಾನೇಜ್‌ಮೆಂಟ್ ಡಿಸ್ಕಷನ್ ಓದಿ, ವಾರಂಟ್ ಪಟ್ಟಿ ನೋಟ್ಸಲ್ಲಿ ಇರುತ್ತೆ. ಲಂಡನ್ ಏಮ್‌ನಲ್ಲಿ ಅರ್ಧ ವರ್ಷಕ್ಕೊಮ್ಮೆ ಮಾತ್ರ ಲೆಕ್ಕ ಬರೋದ್ರಿಂದ ನಡುವೆ ಬಂದ ಪ್ಲೇಸಿಂಗ್ (ಆಯ್ದ ಹೂಡಿಕೆದಾರರಿಗೆ ಹೊಸ ಶೇರು ಮಾರೋದು) ಅನೌನ್ಸ್‌ಮೆಂಟ್ ಎಲ್ಲ ನೀವೇ ಕೂಡಿಸ್ಕೋಬೇಕು.

ಕೆನಡಾದ ಪ್ರೈವೇಟ್ ಪ್ಲೇಸ್‌ಮೆಂಟಲ್ಲಿ ಇನ್ನೊಂದು ದಿನಾಂಕ ಗುರುತು ಹಾಕಿ. ಅಲ್ಲಿ ಅಗ್ಗಕ್ಕೆ ಶೇರು ತಗೊಂಡವರು ಸಾಮಾನ್ಯವಾಗಿ ನಾಲ್ಕು ತಿಂಗಳು ಮಾರೋ ಹಾಗಿಲ್ಲ, ಅದು ಮುಗಿದ ದಿನದಿಂದ ಶೇರು ಮಾರಿ ವಾರಂಟ್ ಇಟ್ಕೊಳ್ಳೋದು ಅವರಿಗೆ ಮಾಮೂಲಿ. ಆ ವಾರ ಯಾವ ಸುದ್ದೀನೂ ಇಲ್ದೆ ಬೆಲೆ ಜಾರಿದ್ರೆ ಗಾಬರಿ ಬೇಡ, ಆ ವಾರದ ಹಿಂದಿನ ದಿನ ಕೊಳ್ಳೋದೂ ಬೇಡ.

## ಹಂತ 3: ನೆಲ ಎಂಥದ್ದು, ಯಾವ ಗ್ಯಾಸಿನ ಜೊತೆ ಬರುತ್ತೆ

ಹೀಲಿಯಂ ಹುಟ್ಟೋದು ಭೂಮಿಯೊಳಗೆ ಯುರೇನಿಯಂ, ಥೋರಿಯಂ ಕೊಳೀತಾ ಇರೋದ್ರಿಂದ, ಅದಕ್ಕೇ ತುಂಬ ಹಳೇ ಗ್ರಾನೈಟ್ ತರದ ತಳಬಂಡೆ ಬೇಕು. ಅಲ್ಲಿಂದ ಅದನ್ನ ಮೇಲಕ್ಕೆ ಹೊತ್ತು ತರೋ ಗ್ಯಾಸ್ ಬೇಕು, ಸಂಗ್ರಹ ಆಗೋಕೆ ರಂಧ್ರ ಇರೋ ಕಲ್ಲು ಬೇಕು, ಮೇಲೆ ಗಟ್ಟಿ ಮುಚ್ಚಳ ಬೇಕು. ಹೀಲಿಯಂ ಅಣು ಎಷ್ಟು ಚಿಕ್ಕದು ಅಂದ್ರೆ ಮೀಥೇನ್ ಹಿಡಿದಿಡೋ ಮುಚ್ಚಳ ಇದನ್ನ ಹಿಡಿಯುತ್ತೆ ಅಂತ ಹೇಳೋಕಾಗಲ್ಲ, ಉಪ್ಪು ಅಥವಾ ಆನ್‌ಹೈಡ್ರೈಟ್ ಪದರ ಇದ್ರೆ ಒಳ್ಳೇದು. ಸೀಸ್ಮಿಕ್ ಸರ್ವೆ ಮಾಡಿದೀವಿ ಅಂತ ಕಂಪನಿ ಹೇಳಿದ್ರೆ ಅದು ಒಳಗಿನ ಕಲ್ಲಿನ ಆಕಾರ ತೋರಿಸುತ್ತೆ ಅಷ್ಟೇ, ಹೀಲಿಯಂ ಇದೆ ಅಂತ ತೋರಿಸಲ್ಲ.

ಜೊತೆಗೆ ಬರೋ ಗ್ಯಾಸ್ ಯಾವುದು ಅನ್ನೋದನ್ನ ಜನ ನೋಡೋದೇ ಇಲ್ಲ. ಕೆನಡಾದ ಸಸ್ಕಾಚೆವನ್ ತರ ನೈಟ್ರೋಜನ್ ಜೊತೆ ಬಂದ್ರೆ ಬೇರ್ಪಡಿಸಿ ನೈಟ್ರೋಜನ್ ಗಾಳಿಗೆ ಬಿಡಬಹುದು, ತಲೆನೋವು ಕಡಿಮೆ. ಮೀಥೇನ್ ಜೊತೆ ಬಂದ್ರೆ ಅದನ್ನೂ ಮಾರ್ಬಹುದು, ಆದ್ರೆ ಪೈಪ್‌ಲೈನ್ ಇರ್ಬೇಕು. ಕಾರ್ಬನ್ ಡೈಆಕ್ಸೈಡ್ ಜೊತೆ ಬಂದ್ರೆ ಅದನ್ನ ಏನು ಮಾಡ್ತೀರಿ, ಪರ್ಮಿಟ್ ಇದೆಯಾ ಅನ್ನೋ ಪ್ರಶ್ನೆಗೆ ಉತ್ತರ ಬೇಕು. ರುಕ್ವಾದಲ್ಲಿ ನೀರಿನ ಜೊತೆ ಬರುತ್ತೆ, ಅಂದ್ರೆ ಪಂಪು, ಕರೆಂಟು, ಆ ನೀರಿನ ವಿಲೇವಾರಿ ಎಲ್ಲ ಖರ್ಚಿಗೆ ಸೇರುತ್ತೆ.

ಕಾನೂನೂ ಇಲ್ಲೇ ನೋಡ್ಕೊಳ್ಳಿ. ಟಾಂಜಾನಿಯಾದ ಮೈನಿಂಗ್ ಕಾನೂನಲ್ಲಿ ಸರ್ಕಾರಕ್ಕೆ ಕನಿಷ್ಠ 16% ಪಾಲು ಪುಕ್ಕಟೆ ಕೊಡ್ಬೇಕು. ಅಮೆರಿಕದ ಮಿನ್ನೆಸೋಟಾದಲ್ಲಿ ಪಲ್ಸರ್ ಹೀಲಿಯಂ ಬಾವಿ ಕೊರೆದಾಗ ಅಲ್ಲಿ ಇಂಥ ಗ್ಯಾಸ್ ತೆಗೆಯೋಕೆ ಸರಿಯಾದ ನಿಯಮಾನೇ ಇರ್ಲಿಲ್ಲ, ಆಮೇಲೆ 2024ರಲ್ಲಿ ರಾಜ್ಯ ಅದಕ್ಕೆ ಕಾನೂನು ರೂಪಿಸೋಕೆ ಹೊರಟಿತು. ಹೊಸ ಜಾಗ ಅಂದ್ರೆ ಇಂಥ ಕಾಯೋ ಸಮಯ ಲೆಕ್ಕಕ್ಕೆ ಹಾಕ್ಲೇಬೇಕು.

## ಹಂತ 4: ರಿಸೋರ್ಸ್ ಅಂಕಿ ಯಾವ ದರ್ಜೆಯದ್ದು

ನೆಲದೊಳಗೆ ಎಷ್ಟು ಹೀಲಿಯಂ ಇದೆ ಅನ್ನೋ ಅಂದಾಜಿಗೆ ಮೂರು ದರ್ಜೆ ಇದಾವೆ. ಪ್ರಾಸ್ಪೆಕ್ಟಿವ್ ಅಂದ್ರೆ ಇನ್ನೂ ಕೊರೆದಿಲ್ಲ, ಇರಬಹುದು. ಕಂಟಿಂಜೆಂಟ್ ಅಂದ್ರೆ ಕೊರೆದು ಕಂಡಿದೆ, ಲಾಭಕ್ಕೆ ತೆಗೆಯೋದು ಇನ್ನೂ ಖಚಿತ ಇಲ್ಲ. ರಿಸರ್ವ್ ಅಂದ್ರೆ ಲಾಭಕ್ಕೆ ತೆಗೀಬಹುದು ಅಂತ ಗಟ್ಟಿಯಾಗಿದೆ. ಹೆಡ್‌ಲೈನಲ್ಲಿ ಬರೋ ದೊಡ್ಡ ಸಂಖ್ಯೆ ಬಹುತೇಕ ಮೊದಲನೇ ದರ್ಜೆಯದ್ದೇ.

ರುಕ್ವಾಗೆ 2016ರಲ್ಲಿ 54 ಬಿಲಿಯನ್ ಕ್ಯೂಬಿಕ್ ಅಡಿ ಅಂದ್ರು, ಆಮೇಲೆ 138 ಬಿಲಿಯನ್ ಅನ್ನೋ ಸಂಖ್ಯೆ ಬಂತು. ಇಡೀ ಜಗತ್ತು ವರ್ಷಕ್ಕೆ ಬಳಸೋದೇ ಸುಮಾರು 6 ಬಿಲಿಯನ್, ಅಂದ್ರೆ ಇಪ್ಪತ್ತು ವರ್ಷಕ್ಕೂ ಮೀರಿದ್ದು! ಆದ್ರೆ ಅದು ಪ್ರಾಸ್ಪೆಕ್ಟಿವ್, ಅನ್‌ರಿಸ್ಕ್ಡ್, ಅಂದ್ರೆ ಸಿಗದೇ ಇರೋ ಸಾಧ್ಯತೆಯನ್ನ ಕಳೆದಿಲ್ಲ. ರಿಪೋರ್ಟಲ್ಲಿ ಚಾನ್ಸ್ ಆಫ್ ಸಕ್ಸೆಸ್ ಅನ್ನೋ ಸಾಲು ಹುಡುಕಿ, ಆ ಪರ್ಸೆಂಟಿಂದ ಗುಣಿಸಿ, ಆಮೇಲೆ ಕಂಪನಿಯ ಪಾಲು ಎಷ್ಟು ಅಂತ ಇನ್ನೊಂದು ಸಲ ಗುಣಿಸಿ. ಆ ಸಾಲೇ ಇಲ್ದಿದ್ರೆ ಆ ರಿಪೋರ್ಟ್ ಪಕ್ಕಕ್ಕಿಡಿ.

## ಹಂತ 5: ಬಾವಿ ಸುದ್ದಿ ಓದೋ ರೀತಿ

ಇಲ್ಲಿ ನಿಧಾನಕ್ಕೆ ಓದಿ, ದುಡ್ಡು ಹೋಗೋದು ಇಲ್ಲೇ.

ಮೊದಲನೇದು, "ಬ್ಯಾಕ್‌ಗ್ರೌಂಡಿಗಿಂತ ಇಷ್ಟು ಪಟ್ಟು" ಅನ್ನೋ ಮಾತು. ಗಾಳೀಲಿ ಹೀಲಿಯಂ ಇರೋದು 5.2 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 5.2 ಭಾಗ. ಹಾಗಾಗಿ "ಹತ್ತು ಪಟ್ಟು ಹೀಲಿಯಂ ಶೋ" ಅಂದ್ರೆ 52 ಪಿಪಿಎಂ, ಅಂದ್ರೆ 0.0052%. ಸಾಮಾನ್ಯವಾಗಿ 0.3% ಮೇಲಿದ್ರೆ ಮಾತ್ರ ಹೀಲಿಯಂಗೋಸ್ಕರ ಗ್ಯಾಸ್ ತೆಗೆಯೋ ಯೋಚನೆ ಮಾಡ್ತಾರೆ, ಅದು 3,000 ಪಿಪಿಎಂ. ಹತ್ತು ಪಟ್ಟು, ನೂರು ಪಟ್ಟು ಅಂತ ಕಂಡ ತಕ್ಷಣ 5.2ರಿಂದ ಗುಣಿಸಿ, ಹತ್ತು ಸಾವಿರದಿಂದ ಭಾಗಿಸಿ, ಪರ್ಸೆಂಟ್ ಸಿಗುತ್ತೆ. ಇಷ್ಟು ಮಾಡಿದ್ರೆ ಅರ್ಧ ಸುದ್ದಿಗಳ ಕಾವು ಅಲ್ಲೇ ಇಳಿಯುತ್ತೆ.

ಎರಡನೇದು, ಪರ್ಸೆಂಟ್ ಒಳ್ಳೇದಿದ್ರೂ ಎಷ್ಟು ಹರಿಯುತ್ತೆ ಅನ್ನೋದು. ನಮ್ಮ ಕಡೆ ಬೋರ್‌ವೆಲ್ ಹಾಕಿಸಿದ್ರೆ ಯಾರೂ ನೀರು ಎಷ್ಟು ಸಿಹಿ ಅಂತ ಮೊದಲು ಕೇಳಲ್ಲ, ಎಷ್ಟು ಇಂಚು ಬಿತ್ತು ಅಂತಾನೇ ಕೇಳೋದು, ಇಲ್ಲೂ ಅದೇ ಪ್ರಶ್ನೆ. ಎರಡು ಕಲ್ಪಿತ ಬಾವಿ ತಗೊಳ್ಳಿ. ಒಂದರಲ್ಲಿ 8% ಹೀಲಿಯಂ, ದಿನಕ್ಕೆ 100 ಎಂಸಿಎಫ್ ಗ್ಯಾಸ್, ಅಂದ್ರೆ ಒಂದು ಲಕ್ಷ ಕ್ಯೂಬಿಕ್ ಅಡಿ. ಇನ್ನೊಂದರಲ್ಲಿ ಬರೀ 1.2%, ಆದ್ರೆ ದಿನಕ್ಕೆ 3,000 ಎಂಸಿಎಫ್. ಮೊದಲನೇದರಿಂದ ದಿನಕ್ಕೆ 8 ಎಂಸಿಎಫ್ ಹೀಲಿಯಂ, ಎರಡನೇದರಿಂದ 36. ಪ್ಲಾಂಟಲ್ಲಿ 90% ಹಿಡಿದಿಟ್ರು, ಎಂಸಿಎಫ್‌ಗೆ 350 ಡಾಲರ್ ಸಿಕ್ತು ಅಂತ ಇಟ್ಕೊಂಡ್ರೆ ಮೊದಲ ಬಾವಿ ದಿನಕ್ಕೆ 2,520 ಡಾಲರ್, ಎರಡನೇದು 11,340. ಹೆಡ್‌ಲೈನ್ ಆಗೋದು ಮಾತ್ರ 8% ಬಾವಿ.

ಮೂರನೇದು, ಸುದ್ದಿಗಳ ಸರಣಿ ನೆನಪಲ್ಲಿಡಿ: ಡ್ರಿಲ್ಲಿಂಗ್ ವೇಳೆ ಮಡ್ ಗ್ಯಾಸ್ ಶೋ (ಕೊರೆಯೋ ಕೆಸರಲ್ಲಿ ಗ್ಯಾಸಿನ ಸುಳಿವು), ಆಮೇಲೆ ವೈರ್‌ಲೈನ್ ಲಾಗ್ (ಬಾವಿಗೆ ಉಪಕರಣ ಇಳಿಸಿ ಅಳೆಯೋದು), ಆಮೇಲೆ ಡ್ರಿಲ್ ಸ್ಟೆಮ್ ಟೆಸ್ಟ್ (ಸ್ವಲ್ಪ ಹೊತ್ತು ಹರಿಸಿ ನೋಡೋದು), ಹೊರಗಿನ ಲ್ಯಾಬ್ ರಿಸಲ್ಟ್, ಕೊನೆಗೆ ದಿನಗಟ್ಟಲೆ ನಡೆಯೋ ಫ್ಲೋ ಟೆಸ್ಟ್. ಪ್ರತಿ ಮೆಟ್ಟಿಲಲ್ಲೂ ಬಾವಿ ಸೋಲಬಹುದು. 2021ರಲ್ಲಿ ಹೀಲಿಯಂ ಒನ್‌ನ ತೈ-1 ಬಾವೀಲಿ ಹೀಲಿಯಂ ಶೋ ಕಂಡಿತ್ತು, ಆದ್ರೆ ಹರಿಸಿ ತೋರಿಸೋ ಮಟ್ಟಕ್ಕೆ ಬರ್ಲಿಲ್ಲ, ಶೇರು ಕುಸೀತು. 2024ರಲ್ಲಿ ಇಟುಂಬುಲಾ ವೆಸ್ಟ್-1 ಬಾವಿಯಿಂದ 4.7% ಹೀಲಿಯಂ ಮೇಲಕ್ಕೆ ಬಂತು, ಅದು ನಿಜವಾದ ಮುಂದಿನ ಹೆಜ್ಜೆ. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ತಿಳೀಬೇಕಂದ್ರೆ ಆ ಎರಡೂ ಅನೌನ್ಸ್‌ಮೆಂಟ್ ಅಕ್ಕಪಕ್ಕ ಇಟ್ಟು ಓದಿ ನೋಡಿ, ಯಾವ ಪಾಠಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ.

ಮಿನ್ನೆಸೋಟಾದ್ದೂ ಗಮನಿಸಿ. ಅಲ್ಲಿ 2011ರಲ್ಲಿ ಬೇರೆ ಲೋಹಕ್ಕೆ ಕೊರೀವಾಗ 10.5% ಹೀಲಿಯಂ ಆಕಸ್ಮಿಕವಾಗಿ ಸಿಕ್ಕಿದ್ದು, ಪಲ್ಸರ್ 2024ರಲ್ಲಿ ಕೊರೆದಾಗ 12% ಮೇಲೇ ಬಂತು, ಅಷ್ಟಾದ್ರೂ ಬಾವಿಯನ್ನ ಇನ್ನೂ ಆಳ ಮಾಡಿ ಮತ್ತೆ ಟೆಸ್ಟ್ ಮಾಡ್ಬೇಕಾಯ್ತು. ಅಂಥಾ ಪರ್ಸೆಂಟ್ ಇದ್ದ ಮೇಲೂ ವರ್ಷಗಳ ಕೆಲಸ ಬಾಕಿ ಇರುತ್ತೆ.

ಅಪಾಯದ ಗುರುತುಗಳು: "ಅಪ್ ಟು" ಅಂತ ಒಂದೇ ಗರಿಷ್ಠ ಸಂಖ್ಯೆ ಕೊಟ್ಟು ಸರಾಸರಿ ಹೇಳ್ದೇ ಇರೋದು, ಪರ್ಸೆಂಟ್ ಹೇಳಿ ಹರಿವು ಬಿಡೋದು, ಹರಿವು ಹೇಳಿ ಎಷ್ಟು ಗಂಟೆ ಟೆಸ್ಟ್ ಮಾಡಿದ್ರು, ಪ್ರೆಷರ್ ಇಳೀತಾ ಅಂತ ಬಿಡೋದು, ಟೆಸ್ಟ್ ದಿನಾಂಕ ಮುಂದಕ್ಕೆ ಹೋಗ್ತಾ ಇರೋದು. ಇದ್ರಲ್ಲಿ ಎರಡು ಒಟ್ಟಿಗೆ ಕಂಡ್ರೆ ನಾನಾದ್ರೆ ಮುಂದಿನ ಹಂತಕ್ಕೆ ಹೋಗಲ್ಲ.

## ಹಂತ 6: ಪ್ಲಾಂಟು, ಗಿರಾಕಿ, ಬೆಲೆ

ಹೀಲಿಯಂಗೆ ಚಿನ್ನದ ತರ ಎಕ್ಸ್‌ಚೇಂಜ್ ಬೆಲೆ ಇಲ್ಲ. ಎಲ್ಲ ಖಾಸಗಿ ಕಾಂಟ್ರಾಕ್ಟು, ಕೊಳ್ಳೋರು ಲಿಂಡೆ, ಏರ್ ಲಿಕ್ವಿಡ್, ಏರ್ ಪ್ರಾಡಕ್ಟ್ಸ್, ಮೆಸ್ಸರ್ ತರದ ಬೆರಳೆಣಿಕೆಯ ದೊಡ್ಡೋರು. ಕಂಪನಿ ಪ್ರೆಸೆಂಟೇಷನಲ್ಲಿ ಹಾಕೋ ಬೆಲೆ ಹೆಚ್ಚಾಗಿ ಅಭಾವದ ಕಾಲದ್ದು, ಅಥವಾ ಬಳಕೆದಾರ ಕೊಡೋ ಚಿಲ್ಲರೆ ಬೆಲೆ, ಬಾವಿ ಹತ್ರ ಸಿಗೋದು ಅದಕ್ಕಿಂತ ಕಡಿಮೆ. 2022ರಲ್ಲಿ ರಷ್ಯಾದ ಅಮೂರ್ ಪ್ಲಾಂಟಿನ ಅವಘಡದ ನಂತರ ಅಭಾವ ಜೋರಾಯ್ತು, ಆಮೇಲೆ ಸಡಿಲ ಆಯ್ತು. ಬೇಡಿಕೆ ಕಡೆಯೂ ನೋಡಿ, ಹೊಸ ಎಂಆರ್‌ಐ ಮೆಷಿನ್‌ಗಳಲ್ಲಿ ಕೆಲವು 7 ಲೀಟರ್ ಲಿಕ್ವಿಡ್ ಹೀಲಿಯಂನಲ್ಲೇ ನಡೀತವೆ, ಹಳೇವಕ್ಕೆ 1,500 ಲೀಟರ್ ಹತ್ರ ಬೇಕಿತ್ತು. ಹಾಗಾಗಿ ನಿಮ್ಮ ಶೀಟಲ್ಲಿ ಕಂಪನಿ ಹೇಳಿದ ಬೆಲೆ, ಅದರ ಅರ್ಧ, ಎರಡಕ್ಕೂ ಲೆಕ್ಕ ಹಾಕಿ. ಅರ್ಧ ಬೆಲೆಗೆ ಸಾಲದ ಬಡ್ಡಿ ಕಟ್ಟೋಕಾಗಲ್ಲ ಅಂದ್ರೆ ಉತ್ತರ ಸಿಕ್ಕ ಹಾಗೇ.

ಪ್ಲಾಂಟ್ ಬಂತು ಅಂದ್ರೆ ಗೆದ್ದ ಹಾಗೆ ಅಂತಾನೂ ಅನ್ಕೋಬೇಡಿ. ಕೆನಡಾದ ರಾಯಲ್ ಹೀಲಿಯಂ ಆಲ್ಬರ್ಟಾದ ಸ್ಟೀವ್‌ವಿಲ್‌ನಲ್ಲಿ ಪ್ಲಾಂಟ್ ಕಟ್ಟಿ ಚಾಲೂ ಮಾಡಿದ ಮೇಲೂ 2025ರಲ್ಲಿ ಸಾಲ ಕೊಟ್ಟವರಿಂದ ಕೋರ್ಟ್ ರಕ್ಷಣೆ ಕೇಳ್ಬೇಕಾಯ್ತು. ದಕ್ಷಿಣ ಆಫ್ರಿಕಾದ ರೆನರ್ಜೆನ್ 2023ರ ಜನವರಿಯಲ್ಲಿ ಲಿಕ್ವಿಡ್ ಹೀಲಿಯಂ ತಯಾರಾಯ್ತು ಅಂತ ಹೇಳ್ತು, ಆಮೇಲೆ ಕೋಲ್ಡ್ ಬಾಕ್ಸಲ್ಲಿ (ಗ್ಯಾಸನ್ನ ತಣ್ಣಗೆ ಮಾಡೋ ಭಾಗ) ಲೀಕು, ವರ್ಷಗಳ ತಡ. ಹೀಲಿಯಂ ದ್ರವ ಆಗೋದು ಮೈನಸ್ 269 ಡಿಗ್ರಿಯಲ್ಲಿ, ಆ ಯಂತ್ರ ಸಣ್ಣ ಕಂಪನಿಗೆ ಸುಲಭದ ತುತ್ತಲ್ಲ. ಗ್ಯಾಸ್ ರೂಪದಲ್ಲೇ ಟ್ಯೂಬ್ ಟ್ರೇಲರ್‌ನಲ್ಲಿ ಮಾರ್ತೀವಿ ಅಂದ್ರೆ ಖರ್ಚು ಕಡಿಮೆ, ಆದ್ರೆ ಗಿರಾಕಿ ಹತ್ತಿರ ಇರ್ಬೇಕು.

ಕಾಂಟ್ರಾಕ್ಟ್ ಸುದ್ದಿ ಬಂದ್ರೆ ಎರಡು ಪದ ಹುಡುಕಿ. ಟೇಕ್ ಆರ್ ಪೇ ಅಂದ್ರೆ ಗಿರಾಕಿ ತಗೊಳ್ದಿದ್ರೂ ದುಡ್ಡು ಕೊಡ್ಬೇಕು, ಅದು ಗಟ್ಟಿ. ಎಂಒಯು, ಲೆಟರ್ ಆಫ್ ಇಂಟೆಂಟ್ ಅಂದ್ರೆ ಯಾರ ಮೇಲೂ ಬಾಧ್ಯತೆ ಇಲ್ಲ.

## ಹಂತ 7: ಈಗ ಕೊಳ್ಳೋ ಮಾತು

ಇಲ್ಲಿವರೆಗೂ ಪಾಸಾದ್ರೆ ಮಾತ್ರ. ಪೂರ್ತಿ ಹೋದ್ರೂ ಮನೆ ಖರ್ಚು, ಮಕ್ಕಳ ಫೀಸು ಅಲ್ಲಾಡಬಾರದು, ಅಷ್ಟು ಮಾತ್ರ ಹಾಕಿ. ಯಾವಾಗ್ಲೂ ಲಿಮಿಟ್ ಆರ್ಡರ್ (ಇಷ್ಟೇ ಬೆಲೆಗೆ ಅಂತ ಹೇಳಿ ಹಾಕೋದು), ಮಾರ್ಕೆಟ್ ಆರ್ಡರ್ ಬೇಡ, ಈ ಶೇರುಗಳಲ್ಲಿ ಕೊಳ್ಳೋ ಬೆಲೆಗೂ ಮಾರೋ ಬೆಲೆಗೂ ನಡುವಿನ ಅಂತರವೇ 5-10% ಇರಬಹುದು. ದಿನಕ್ಕೆ ಎಷ್ಟು ಶೇರು ಕೈಬದಲಾಗುತ್ತೆ ನೋಡಿ, ಅದರ ಸಣ್ಣ ಭಾಗಕ್ಕಿಂತ ಜಾಸ್ತಿ ನಿಮ್ಮ ಹತ್ರ ಇದ್ರೆ ಬೇಕಾದಾಗ ಹೊರಗೆ ಬರೋಕಾಗಲ್ಲ.

ಟೈಮಿಂಗ್ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ರಿಗ್ ಬಂದು ಡ್ರಿಲ್ಲಿಂಗ್ ಶುರುವಾದ ಮೇಲೆ ಕೊಳ್ಳೋದು ಎಲ್ಲಕ್ಕಿಂತ ಕೆಟ್ಟ ಸಮಯ. ಆಸೆ ಎಲ್ಲ ಅಷ್ಟೊತ್ತಿಗೆ ಬೆಲೆಯಲ್ಲಿ ಸೇರಿರುತ್ತೆ. ಪ್ಲೇಸಿಂಗ್ ಮುಗಿದು, ಬೆಲೆ ತಣ್ಣಗಾಗಿ, ಕೆಲಸಕ್ಕೆ ದುಡ್ಡು ಕೈಗೆ ಬಂದಿರೋ ಹೊತ್ತಲ್ಲಿ ನೋಡಿ. ಕೊಳ್ಳೋ ಮುಂಚೆನೇ ಶೀಟಲ್ಲಿ ಎರಡು ಸಾಲು ಬರೀರಿ, ಏನಾದ್ರೆ ಅರ್ಧ ಮಾರ್ತೀನಿ, ಏನಾದ್ರೆ ಪೂರ್ತಿ ಮಾರ್ತೀನಿ ಅಂತ. ಫ್ಲೋ ಟೆಸ್ಟ್ ಸೋತ್ರೆ "ಮುಂದಿನ ಬಾವೀಲಿ ಬರುತ್ತೆ" ಅಂತ ಬಿದ್ದ ಬೆಲೆಗೆ ಇನ್ನಷ್ಟು ಕೊಂಡು ಆವರೇಜ್ ಮಾಡೋಕೆ ಹೋಗ್ಬೇಡಿ, ಆ ಮುಂದಿನ ಬಾವಿಗೆ ದುಡ್ಡು ಬರೋದು ಎರಡನೇ ಹಂತದಲ್ಲಿ ನೋಡಿದ ಆ ಹೊಸ ಶೇರುಗಳಿಂದಾನೇ.

## ಹಂತ 8: ರಿಟರ್ನ್

ಈ ಹಂತ ಭಾರತದಲ್ಲಿ ಇರೋರಿಗೆ. ವಿದೇಶಿ ಶೇರು ಒಂದೇ ಒಂದಿದ್ರೂ ಐಟಿಆರ್-1 ಹಾಕೋ ಹಾಗಿಲ್ಲ. ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ ತೋರಿಸೋ ಭಾಗ) ತುಂಬಲೇಬೇಕು, ಮಾರದೇ ಇದ್ರೂ, ಲಾಸಲ್ಲಿದ್ರೂ, ಬ್ರೋಕರ್ ಅಕೌಂಟಲ್ಲಿ ಬರೀ ಕ್ಯಾಶ್ ಇದ್ರೂ. ಅದರ ಲೆಕ್ಕ ಏಪ್ರಿಲ್ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್, ಅತಿ ಹೆಚ್ಚು ಇದ್ದ ಮೌಲ್ಯ ಮತ್ತು ಡಿಸೆಂಬರ್ 31ರ ಮೌಲ್ಯ ಎರಡೂ ಕೇಳ್ತಾರೆ. ಮರೆತ್ರೆ ಬ್ಲ್ಯಾಕ್ ಮನಿ ಕಾಯ್ದೆಯಲ್ಲಿ ₹10 ಲಕ್ಷ ದಂಡ ಇದೆ, ಸಣ್ಣ ಮೊತ್ತಕ್ಕೆ ವಿನಾಯ್ತಿ ಇದ್ರೂ ಅದನ್ನ ನಂಬ್ಕೊಂಡು ಬಿಡಬೇಡಿ.

ಇಪ್ಪತ್ನಾಲ್ಕು ತಿಂಗಳು ದಾಟಿ ಮಾರಿದ್ರೆ ಲಾಭಕ್ಕೆ 12.5%, ಅದಕ್ಕೆ ಮುಂಚೆ ಮಾರಿದ್ರೆ ನಿಮ್ಮ ಸ್ಲ್ಯಾಬ್ ರೇಟು. ಲಾಸ್ ಆದ್ರೂ ಗಡುವಿನೊಳಗೆ ರಿಟರ್ನ್ ಹಾಕಿದ್ರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ತಡ ಮಾಡಿದ್ರೆ ಆ ಲಾಸೂ ಕೈತಪ್ಪುತ್ತೆ. ಬ್ರೋಕರ್ ಸ್ಟೇಟ್‌ಮೆಂಟ್ ತಿಂಗಳಿಗೊಂದು ಡೌನ್‌ಲೋಡ್ ಮಾಡಿಟ್ಕೊಳ್ಳಿ, ಶೇರು ಡಿಲಿಸ್ಟ್ ಆಗಿ ಹೋದ ಮೇಲೆ ಹಳೇ ಬೆಲೆ ಹುಡುಕೋದು ತುಂಬ ಕಷ್ಟ.